ನೌರು ಬಾವುಟದ ನಕ್ಷತ್ರ ಮೂಲೆಯಲ್ಲೇಕೆ, ಮೊನೆಗಳು ಹನ್ನೆರಡೇಕೆ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳನ್ನು ರಸಪ್ರಶ್ನೆಗೆ ತಯಾರು ಮಾಡುವಾಗ ಪೆಸಿಫಿಕ್ ಸಾಗರದ ನೌರು ದೇಶದ ಬಾವುಟ ಎದುರಾಯಿತು. ನಕ್ಷತ್ರದ ಹನ್ನೆರಡು ಮೊನೆಗಳೆಂದರೆ ಅಲ್ಲಿನ ಹನ್ನೆರಡು ಬುಡಕಟ್ಟುಗಳು ಎಂದು ಪುಸ್ತಕದಲ್ಲಿದೆ. ಆದರೆ ಅವುಗಳಲ್ಲಿ ಎರಡು ಈಗ ಉಳಿದಿಲ್ಲ ಎಂದು ಬೇರೆ ಕಡೆ ಓದಿದೆ. ಹಾಗಾದರೆ ಹತ್ತು ಮೊನೆ ಸಾಕಾಗಿತ್ತಲ್ಲವೇ? ನಕ್ಷತ್ರವನ್ನು ನಡುವೆ ಇಡದೆ ಕೆಳಗೆ ಒಂದು ಮೂಲೆಗೆ ತಳ್ಳಿದ್ದೇಕೆ? ಬಿಳಿ ಬಣ್ಣ ಫಾಸ್ಫೇಟನ್ನು ಸೂಚಿಸುತ್ತದೆ ಎನ್ನುವುದು ನಿಜವೇ? ಕೊನೆಯದಾಗಿ, ಒಬ್ಬ ಹುಡುಗ ನಕ್ಷತ್ರವನ್ನು ಹಳದಿ ಗೆರೆಯ ಮೇಲೆ, ಬಲಗಡೆಗೆ ಬರೆದಿದ್ದಾನೆ. ತಪ್ಪು ಎಂದರೆ, "ಗಾಳಿಗೆ ಬಾವುಟ ತಿರುಗಿದಾಗ ಹೀಗೇ ಕಾಣುತ್ತೆ ಮಿಸ್" ಎನ್ನುತ್ತಾನೆ. ಅವನಿಗೆ ಏನು ಹೇಳಲಿ?

ಉತ್ತರ: ಮೇಡಂ, ನಿಮ್ಮ ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ನಕ್ಷತ್ರ ಮೂಲೆಗೆ ಹೋದದ್ದೇಕೆ ಎಂದು ಗೊತ್ತಾದರೆ ಈ ಬಾವುಟದ ಗುಟ್ಟು ಮುಕ್ಕಾಲು ಪಾಲು ಬಿಟ್ಟುಕೊಟ್ಟಂತೆ.

ಬಾವುಟ ನೋಡಲು ಬಹಳ ಸರಳ. ಗಾಢ ನೀಲಿ ಬಟ್ಟೆ, ಎತ್ತರದ ನಟ್ಟನಡುವೆ ಈ ತುದಿಯಿಂದ ಆ ತುದಿಗೆ ತೆಳುವಾದ ಒಂದು ಹಳದಿ ಪಟ್ಟಿ, ಅದರ ಕೆಳಗೆ ಕಂಬದ ಬದಿಗೆ ಹನ್ನೆರಡು ಮೊನೆಗಳ ಬಿಳಿ ನಕ್ಷತ್ರ. ಅಷ್ಟೇ. ನೀಲಿ ಎಂದರೆ ಪೆಸಿಫಿಕ್ ಸಾಗರ, ಹಳದಿ ಪಟ್ಟಿ ಎಂದರೆ ಸಮಭಾಜಕ ವೃತ್ತ, ನಕ್ಷತ್ರವೇ ನೌರು ದ್ವೀಪ. ದ್ವೀಪ ಸಮಭಾಜಕ ವೃತ್ತಕ್ಕೆ ತುಸು ದಕ್ಷಿಣದಲ್ಲಿದೆ, ಅದಕ್ಕೇ ನಕ್ಷತ್ರ ಗೆರೆಯ ಕೆಳಗಿದೆ. ಹೆಚ್ಚಿನ ದೇಶಗಳ ಬಾವುಟಗಳು ತ್ಯಾಗ, ಶಾಂತಿ, ಸಮೃದ್ಧಿ ಎಂಬ ಗುಣಗಳನ್ನು ಬಣ್ಣಗಳಿಗೆ ಹಂಚಿಕೊಡುತ್ತವೆ. ನೌರುವಿನ ಬಾವುಟ ಗುಣಗಾನಕ್ಕೆ ಹೋಗದೆ ತನ್ನ ವಿಳಾಸ ಹೇಳುತ್ತದೆ. ಬಾವುಟಗಳನ್ನು ಅಭ್ಯಾಸ ಮಾಡುವ ನಮ್ಮಂಥವರು ಇಂಥವನ್ನು ನಕಾಶೆ ಬಾವುಟಗಳ ಸಾಲಿಗೆ ಸೇರಿಸುತ್ತೇವೆ. ಆ ಸಾಲಿನಲ್ಲಿ ಇದಕ್ಕಿಂತ ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದು ಅಧಿಕೃತವಾದದ್ದು 1968ರ ಜನವರಿ 31ರಂದು, ನೌರು ಸ್ವತಂತ್ರವಾದ ದಿನವೇ. ಸ್ಥಳೀಯವಾಗಿ ಸ್ಪರ್ಧೆ ನಡೆಸಿ ವಿನ್ಯಾಸವನ್ನು ಆರಿಸಿಕೊಂಡರು. ದೇಶದ ವಿಸ್ತೀರ್ಣ 21 ಚದರ ಕಿಲೋಮೀಟರ್, ಜನ ಹನ್ನೆರಡು ಸಾವಿರದ ಆಸುಪಾಸು. ಗಣರಾಜ್ಯಗಳಲ್ಲಿ ಇದಕ್ಕಿಂತ ಸಣ್ಣದು ಜಗತ್ತಿನಲ್ಲಿ ಇಲ್ಲ. ಅಧಿಕೃತ ರಾಜಧಾನಿ ಎಂಬುದೂ ಇಲ್ಲ. ಸಂಸತ್ತು ಇರುವುದು ಯಾರೆನ್ ಜಿಲ್ಲೆಯಲ್ಲಿ. ರಸಪ್ರಶ್ನೆಯಲ್ಲಿ ರಾಜಧಾನಿಯನ್ನು ಕೇಳಿದರೆ ಎಚ್ಚರವಾಗಿರಲು ಮಕ್ಕಳಿಗೆ ಹೇಳಿ.

ಹಲವು ಪುಸ್ತಕಗಳು ನಕ್ಷತ್ರ ಗೆರೆಯ ಕೆಳಗಿರುವುದು ನೌರು "ಒಂದು ಡಿಗ್ರಿ ದಕ್ಷಿಣದಲ್ಲಿರುವುದನ್ನು" ತೋರಿಸುತ್ತದೆ ಎಂದು ಬರೆಯುತ್ತವೆ. ಅದು ಒರಟು ಲೆಕ್ಕ. ದ್ವೀಪ ಇರುವುದು ಸುಮಾರು ಅರ್ಧ ಡಿಗ್ರಿ ದಕ್ಷಿಣದಲ್ಲಿ, ಅಂದರೆ ಸಮಭಾಜಕ ವೃತ್ತದಿಂದ ಸುಮಾರು 60 ಕಿ.ಮೀ. ದೂರದಲ್ಲಿ. ರೇಖಾಂಶ ಪೂರ್ವ 167 ಡಿಗ್ರಿ. ನಕ್ಷತ್ರ ಎಡಗಡೆಗೆ ಸರಿದಿರುವುದಕ್ಕೂ ಒಂದು ವಿವರಣೆ ಕೊಡುವುದುಂಟು: ನೌರು ಅಂತಾರಾಷ್ಟ್ರೀಯ ದಿನರೇಖೆಯ ಪಶ್ಚಿಮಕ್ಕಿದೆ, ಬಾವುಟದ ನಡುವೆ ಕಾಣದ ಒಂದು ಲಂಬ ಗೆರೆ ಇದೆ ಎಂದುಕೊಂಡರೆ ನಕ್ಷತ್ರ ಅದರ ಎಡಕ್ಕೆ ಬರಬೇಕು. ಭೂಗೋಳದ ಪ್ರಕಾರ ಮಾತು ಸರಿ. ಆದರೆ ಸಮಭಾಜಕ ವೃತ್ತವನ್ನು ಬಾವುಟದ ಮೇಲೆ ಎಳೆದು ತೋರಿಸಿದ್ದಾರೆ, ದಿನರೇಖೆಯನ್ನು ತೋರಿಸಿಲ್ಲ. ಆದ್ದರಿಂದ ಮೊದಲನೆಯದನ್ನು ಧೈರ್ಯವಾಗಿ ಪಾಠ ಮಾಡಿ, ಎರಡನೆಯದನ್ನು "ಹೀಗೂ ಹೇಳುತ್ತಾರೆ" ಎಂದು ಸೇರಿಸಿ. ಬಾವುಟದಲ್ಲಿ ಮುಖ್ಯ ಚಿಹ್ನೆಯನ್ನು ಕಂಬದ ಬದಿಗೆ ಇಡುವುದಕ್ಕೆ ಬೇರೆ ಕಾರಣವೂ ಇದೆ. ಗಾಳಿ ಇಲ್ಲದೆ ಬಟ್ಟೆ ಜೋತುಬಿದ್ದಾಗಲೂ ಕಂಬದ ಪಕ್ಕದ ಭಾಗ ಅಷ್ಟಿಷ್ಟು ಕಾಣುತ್ತದೆ, ಹಾರಾಡುವ ತುದಿ ಬೇಗ ಹರಿದು ಸವೆಯುತ್ತದೆ.

ಇಲ್ಲಿ ಮಕ್ಕಳಿಗೆ ಒಂದು ಲೆಕ್ಕ ಕೊಡಬಹುದು. ಬಾವುಟದ ಎತ್ತರ 1.2 ಮೀಟರ್ ಎಂದಿಟ್ಟುಕೊಳ್ಳಿ. ಅದು ಉತ್ತರ 60 ಡಿಗ್ರಿಯಿಂದ ದಕ್ಷಿಣ 60 ಡಿಗ್ರಿವರೆಗಿನ ಪೆಸಿಫಿಕ್ ಸಾಗರ, ಒಟ್ಟು 120 ಡಿಗ್ರಿ. ಆಗ ಒಂದು ಡಿಗ್ರಿಗೆ ಒಂದು ಸೆಂಟಿಮೀಟರ್. ನೌರು ಇರಬೇಕಾದದ್ದು ಗೆರೆಯ ನಡುವಿನಿಂದ ಬರೀ 5 ಮಿಲಿಮೀಟರ್ ಕೆಳಗೆ. ದ್ವೀಪದ ಅಡ್ಡಳತೆ ಐದಾರು ಕಿಲೋಮೀಟರ್ ಮಾತ್ರ, ಆದ್ದರಿಂದ ಅದರ ಗಾತ್ರ ಅರ್ಧ ಮಿಲಿಮೀಟರಿನಷ್ಟು, ಸೂಜಿ ಚುಚ್ಚಿದಷ್ಟು. ಹಳದಿ ಪಟ್ಟಿ ತೆಳುವಾಗಿದ್ದರೂ ಅದರ ಅಗಲ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಳತೆಗೆ ಸರಿಯಾಗಿ ಬರೆದಿದ್ದರೆ ದೇಶವೇ ಆ ಪಟ್ಟಿಯೊಳಗೆ ಮುಳುಗಿ ಕಾಣದೆ ಹೋಗುತ್ತಿತ್ತು. ವಿನ್ಯಾಸ ಮಾಡಿದವರು ದಿಕ್ಕನ್ನು ಉಳಿಸಿಕೊಂಡು ಅಳತೆಯನ್ನು ಬಿಟ್ಟರು. ಸಾಗರದ ನಕಾಶೆಯಲ್ಲಿ ಚುಕ್ಕೆಯಾಗಿಯೂ ಕಾಣದ ನೆಲ ಇಲ್ಲಿ ಸಮಭಾಜಕ ವೃತ್ತಕ್ಕಿಂತ ಎದ್ದು ಕಾಣುವ ನಕ್ಷತ್ರವಾಗಿದೆ.

ನೆರೆಹೊರೆಯ ದ್ವೀಪದೇಶಗಳಲ್ಲೂ ಇದೇ ಬಗೆಯ ಯೋಚನೆ ಕಾಣುತ್ತದೆ. ಮಾರ್ಷಲ್ ದ್ವೀಪಗಳು ಸಮಭಾಜಕ ವೃತ್ತದ ಉತ್ತರಕ್ಕಿವೆ. 1979ರಲ್ಲಿ ಅಂಗೀಕರಿಸಿದ ಅವರ ಬಾವುಟದಲ್ಲಿ ಸಮಭಾಜಕ ವೃತ್ತ ಕೆಳಮೂಲೆಯಿಂದ ಮೇಲ್ಮೂಲೆಗೆ ಓರೆಯಾಗಿ ಏರುವ ಕಿತ್ತಳೆ ಮತ್ತು ಬಿಳಿ ಪಟ್ಟಿಗಳಾಗಿದೆ, ನಕ್ಷತ್ರ ಅದರ ಮೇಲ್ಗಡೆ ಇದೆ. ಅದನ್ನು ರೂಪಿಸಿದವರು ಅಲ್ಲಿನ ಮೊದಲ ಅಧ್ಯಕ್ಷ ಅಮಾಟಾ ಕಬುವಾ ಅವರ ಪತ್ನಿ ಎಮ್ಲೈನ್ ಕಬುವಾ. ವನುವಾಟು ದೇಶದ ಬಾವುಟದಲ್ಲಿ ಮಲಗಿಸಿದ ಕವೆಗೋಲಿನಂಥ ಹಳದಿ ಗೆರೆಯಿದೆ. ಅದು ಅಲ್ಲಿನ ದ್ವೀಪಗಳು ಸಾಲುಗಟ್ಟಿರುವ ರೀತಿ. ತುವಾಲು ತನ್ನ ಒಂಬತ್ತು ದ್ವೀಪಗಳನ್ನು ಒಂಬತ್ತು ನಕ್ಷತ್ರಗಳಾಗಿ ಅವುಗಳ ಸ್ಥಾನಕ್ಕೆ ತಕ್ಕಂತೆ ಚೆಲ್ಲಿದೆ. ಮಾರ್ಷಲ್ ಮತ್ತು ನೌರು ಬಾವುಟಗಳನ್ನು ಪಕ್ಕಪಕ್ಕ ಇಟ್ಟು, ಯಾವ ದೇಶ ಉತ್ತರ ಗೋಳಾರ್ಧದ್ದು ಎಂದು ಮಕ್ಕಳನ್ನು ಕೇಳಿ. ಅಟ್ಲಾಸ್ ತೆರೆಯದೆ ಹೇಳುತ್ತಾರೆ.

ನೌರುವಿನವರಿಗೆ "ನಾವು ಎಲ್ಲಿದ್ದೇವೆ" ಎಂದು ಹೇಳುವುದು ಅಷ್ಟೊಂದು ಮುಖ್ಯವಾದದ್ದೇಕೆ? ಈಗ ಬರೆಯುವುದು ನನ್ನ ಓದು, ಸರ್ಕಾರಿ ವಿವರಣೆ ಅಲ್ಲ. ಆದರೆ ಅದಕ್ಕೆ ಆಧಾರವಾದ ಘಟನೆಗಳು ಚರಿತ್ರೆಯಲ್ಲಿವೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ದ್ವೀಪದ ನೆಲವೆಲ್ಲ ಉತ್ಕೃಷ್ಟ ಫಾಸ್ಫೇಟ್ ಎಂದು ಹೊರಗಿನವರಿಗೆ ತಿಳಿಯಿತು. ಪತ್ತೆ ಹಚ್ಚಿದವರು ಆಲ್ಬರ್ಟ್ ಎಲ್ಲಿಸ್. ಆಗ ದ್ವೀಪ ಜರ್ಮನರ ಕೈಯಲ್ಲಿತ್ತು. 1914ರಲ್ಲಿ ಆಸ್ಟ್ರೇಲಿಯಾದ ಸೇನೆ ಅದನ್ನು ವಶಪಡಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರೂ ಸೇರಿ ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಎಂಬ ಸಂಸ್ಥೆ ಮಾಡಿಕೊಂಡು ಗಣಿಯನ್ನು ನಡೆಸಿದವು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಹೊಲ ಮತ್ತು ಹುಲ್ಲುಗಾವಲುಗಳಿಗೆ ಅಗ್ಗದ ಗೊಬ್ಬರ ಸಿಕ್ಕಿತು. ನೌರುವಿನವರ ಪಾಲಿಗೆ ಬಂದದ್ದು ಚಿಲ್ಲರೆ ರಾಯಧನ.

1942ರ ಆಗಸ್ಟಿನಲ್ಲಿ ಜಪಾನಿ ಸೇನೆ ಇಳಿಯಿತು. ಮರುವರ್ಷ ಸುಮಾರು 1,200 ನೌರು ಜನರನ್ನು ಹಡಗುಗಳಲ್ಲಿ ತುಂಬಿ, ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಟ್ರಕ್ ದ್ವೀಪಗಳಿಗೆ ಕೂಲಿಗೆಂದು ಸಾಗಿಸಿದರು. ಅದನ್ನೇ ಈಗ ಚೂಕ್ ಎನ್ನುತ್ತಾರೆ. ಹಸಿವು, ರೋಗ, ಬಾಂಬ್ ದಾಳಿ ಎಲ್ಲವನ್ನೂ ದಾಟಿ ಊರಿಗೆ ಮರಳಿದವರು 737 ಮಂದಿ. ಅವರ ಹಡಗು ನೌರು ಮುಟ್ಟಿದ್ದು 1946ರ ಜನವರಿ 31ರಂದು. ಸ್ವಾತಂತ್ರ್ಯಕ್ಕೆ, ಬಾವುಟ ಏರಿಸುವುದಕ್ಕೆ ಇಪ್ಪತ್ತೆರಡು ವರ್ಷಗಳ ನಂತರ ಅದೇ ದಿನಾಂಕವನ್ನು ಹುಡುಕಿ ಇಟ್ಟುಕೊಂಡರು. ಬಾವುಟದ ತಾರೀಕು ಕೇಳಿದಾಗ ಮಕ್ಕಳು ಎರಡೂ ವರ್ಷಗಳನ್ನು ಹೇಳಿದರೆ ನಾನಂತೂ ಪೂರ್ತಿ ಅಂಕ ಕೊಡುತ್ತೇನೆ.

ಮುಂದಿನದು ಇನ್ನೂ ವಿಚಿತ್ರ. ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆಯ ಟ್ರಸ್ಟ್ ಪ್ರದೇಶವಾದ, ಅಂದರೆ ಅದರ ಪರವಾಗಿ ಬೇರೆ ದೇಶಗಳು ನೋಡಿಕೊಳ್ಳುತ್ತಿದ್ದ, ನೌರುವಿನಲ್ಲಿ ಗಣಿಗಾರಿಕೆ ಮತ್ತೆ ಶುರುವಾಯಿತು. ಹೀಗೇ ಅಗೆಯುತ್ತ ಹೋದರೆ ಈ ನೆಲದಲ್ಲಿ ಜನ ಬದುಕಲಾಗದು ಎಂದು ಅಗೆಯುವವರಿಗೂ ಗೊತ್ತಿತ್ತು. ಅದಕ್ಕೆ ಆಸ್ಟ್ರೇಲಿಯಾ ಕಂಡುಕೊಂಡ ಪರಿಹಾರ ಇಡೀ ಜನಾಂಗವನ್ನೇ ಎತ್ತಿ ಬೇರೆ ಕಡೆ ಇಡುವುದು. ಕ್ವೀನ್ಸ್‌ಲೆಂಡ್ ತೀರದ ಕರ್ಟಿಸ್ ದ್ವೀಪವನ್ನು ತೋರಿಸಿ, ಅಲ್ಲಿ ನೆಲೆಸಿ, ಆಸ್ಟ್ರೇಲಿಯಾದ ಪೌರರಾಗಿ ಎಂದಿತು. ಹೋಗುವುದಾದರೆ ಒಂದು ಪ್ರತ್ಯೇಕ ಜನಾಂಗವಾಗಿ, ನಮ್ಮ ಆಡಳಿತ ನಮ್ಮ ಕೈಯಲ್ಲೇ ಇರುವಂತೆ ಹೋಗುತ್ತೇವೆ ಎಂದು ಹ್ಯಾಮರ್ ಡಿರೋಬರ್ಟ್ ನೇತೃತ್ವದಲ್ಲಿ ನೌರುವಿನವರು ಪಟ್ಟು ಹಿಡಿದರು. ಆಸ್ಟ್ರೇಲಿಯಾ ಒಪ್ಪಲಿಲ್ಲ. 1964ರಲ್ಲಿ ಮಾತುಕತೆ ಮುರಿದುಬಿತ್ತು. ನಾಲ್ಕು ವರ್ಷಕ್ಕೆ ಸ್ವತಂತ್ರ ದೇಶವಾಯಿತು, ಡಿರೋಬರ್ಟ್ ಮೊದಲ ಅಧ್ಯಕ್ಷರಾದರು, ಈ ಬಾವುಟ ಮೇಲೇರಿತು.

ಒಮ್ಮೆ ಬಲವಂತವಾಗಿ ಸಾಗಿಸಲ್ಪಟ್ಟು, ಇನ್ನೊಮ್ಮೆ ನಯವಾಗಿ ಸಾಗಹಾಕುವ ಪ್ರಸ್ತಾಪವನ್ನು ತಿರಸ್ಕರಿಸಿದ ಜನ ತಮ್ಮ ಬಾವುಟದಲ್ಲಿ ಅಕ್ಷಾಂಶವನ್ನೇ ಬರೆದುಕೊಂಡಿದ್ದಾರೆ. ಸಮಭಾಜಕ ವೃತ್ತದ ಕೆಳಗೆ, ಇಲ್ಲಿ, ಇದೇ ಜಾಗದಲ್ಲಿ ಇದ್ದೇವೆ ಎಂದು. ಕರ್ಟಿಸ್ ದ್ವೀಪ ಇರುವುದು ದಕ್ಷಿಣ 23 ಡಿಗ್ರಿಯ ಹತ್ತಿರ. ಅಲ್ಲಿಗೆ ಹೋಗಿದ್ದರೆ ಈ ಬಾವುಟದ ವಿನ್ಯಾಸಕ್ಕೆ ಅರ್ಥವೇ ಇರುತ್ತಿರಲಿಲ್ಲ. ನಕ್ಷತ್ರವನ್ನು ನಡುವೆ ಇಟ್ಟಿದ್ದರೆ ಬಾವುಟ ನೋಡಲು ಚೆನ್ನಾಗಿರುತ್ತಿತ್ತೇನೋ, ಆದರೆ ಈ ಮಾತನ್ನು ಹೇಳಲು ಅದಕ್ಕೆ ಬಾಯಿ ಇರುತ್ತಿರಲಿಲ್ಲ.

ಒಂದು ಅಡ್ಡಮಾತು. ಫಿಜಿ, ತುವಾಲು ಬಾವುಟಗಳ ಮೂಲೆಯಲ್ಲಿ ಬ್ರಿಟನ್ನಿನ ಯೂನಿಯನ್ ಜ್ಯಾಕ್ ಇದೆ, ನೌರುವಿನಲ್ಲಿ ಇಲ್ಲವೇಕೆ ಎಂದು ಚುರುಕು ಮಕ್ಕಳು ಕೇಳಿಯಾರು. ಫಿಜಿ, ತುವಾಲು ಬ್ರಿಟಿಷ್ ವಸಾಹತುಗಳಾಗಿದ್ದವು, ಸ್ವತಂತ್ರವಾದ ಮೇಲೂ ಬ್ರಿಟನ್ ರಾಣಿಯನ್ನೇ ತಮ್ಮ ರಾಷ್ಟ್ರದ ಮುಖ್ಯಸ್ಥೆಯಾಗಿ ಉಳಿಸಿಕೊಂಡವು. ನೌರು ಮೂರು ದೇಶಗಳ ಉಸ್ತುವಾರಿಯಲ್ಲಿದ್ದ ಟ್ರಸ್ಟ್ ಪ್ರದೇಶ, ಸ್ವಾತಂತ್ರ್ಯದ ದಿನವೇ ಗಣರಾಜ್ಯವೂ ಆಯಿತು. ಆದರೂ ಬ್ರಿಟಿಷ್ ಪದ್ಧತಿಯ ಒಂದು ಗುರುತು ಉಳಿದಿದೆ: ಬಾವುಟದ ಉದ್ದ ಎತ್ತರದ ಎರಡು ಪಟ್ಟು. ನಮ್ಮ ತ್ರಿವರ್ಣದ್ದು ಮೂರಕ್ಕೆ ಎರಡು. ಮಕ್ಕಳು ನೌರು ಬಾವುಟವನ್ನು ನಮ್ಮ ಬಾವುಟದ ಆಕಾರದಲ್ಲೇ ಬರೆದು ಗಿಡ್ಡ ಮಾಡಿಬಿಡುತ್ತಾರೆ.

ಈಗ ಹನ್ನೆರಡರ ಲೆಕ್ಕ. ನೌರುವಿನ ಬುಡಕಟ್ಟುಗಳು ಇವು: ದೈಬೋ, ಎಯಾಮ್ವಿದಾರ, ಎಯಾಮ್ವಿದುಮ್ವಿತ್, ಎಯಾಮ್ವಿತ್, ಎಯಾಮ್ಗುಮ್, ಎಯಾನೊ, ಎಮಿಯೊ, ಎಯೊರಾರು, ಇರುತ್ಸಿ, ಇರುವಾ, ಇವಿ, ರಾನಿಬೊಕ್. ಉಚ್ಚಾರಣೆ ಕನ್ನಡದಲ್ಲಿ ಇದಕ್ಕಿಂತ ಹತ್ತಿರ ಬರುವುದು ಕಷ್ಟ. ಇವುಗಳನ್ನು ಬಾಯಿಪಾಠ ಮಾಡಿಸಬೇಡಿ ದಯವಿಟ್ಟು. ಆದರೆ ಎರಡರ ಬಗ್ಗೆ ಹೇಳಬೇಕು. ರಾನಿಬೊಕ್ ಎಂದರೆ ದಡಕ್ಕೆ ತೇಲಿ ಬಂದದ್ದು, ಇರುವಾ ಎಂದರೆ ಹೊರಗಿನಿಂದ ಬಂದವರು ಎಂದು ವಿವರಿಸುತ್ತಾರೆ. ಹೊರಗಿನವರಿಗೂ ಒಂದು ಕುಲ ಇದೆ, ಆ ಕುಲಕ್ಕೂ ನಕ್ಷತ್ರದಲ್ಲಿ ಒಂದು ಮೊನೆ ಇದೆ.

ಅಳಿದವು ಎಂದು ಹೇಳುವ ಎರಡು ಬುಡಕಟ್ಟುಗಳು ಇರುತ್ಸಿ ಮತ್ತು ಇವಿ. ಇಲ್ಲಿ ಒಂದು ತಪ್ಪು ಕಲ್ಪನೆ ಬಾರದಂತೆ ನೋಡಿಕೊಳ್ಳಬೇಕು. ನೌರುವಿನಲ್ಲಿ ಬುಡಕಟ್ಟು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ನಮ್ಮ ತುಳುನಾಡಿನ ಅಳಿಯಕಟ್ಟು ಸಮುದಾಯಗಳಲ್ಲಿ "ಬರಿ" ಎಂಬ ಕುಲ ತಾಯಿಯ ಕಡೆಯಿಂದ ಬರುವಂತೆಯೇ. ದಕ್ಷಿಣ ಕನ್ನಡ, ಉಡುಪಿಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಈ ಪದ್ಧತಿಯಲ್ಲಿ ಒಂದು ಕುಲದ ಹೆಂಗಸರಿಗೆ ಹೆಣ್ಣುಮಕ್ಕಳು ಹುಟ್ಟದೆ ಹೋದರೆ ಒಂದೆರಡು ತಲೆಮಾರಿಗೆ ಕುಲದ ಹೆಸರು ನಿಂತುಬಿಡುತ್ತದೆ. ಆ ಕುಲದ ಗಂಡಸರ ಮಕ್ಕಳು, ಮೊಮ್ಮಕ್ಕಳು ಬೇರೆ ಕುಲಗಳ ಹೆಸರಿನಲ್ಲಿ ಅದೇ ದ್ವೀಪದಲ್ಲಿ ಬದುಕಿರುತ್ತಾರೆ. ಇರುತ್ಸಿ ಇಲ್ಲ ಎಂದರೆ ಇರುತ್ಸಿ ರಕ್ತವೇ ಇಲ್ಲ ಎಂದಲ್ಲ. ಜನಸಂಖ್ಯೆಯೇ ಕೈಬೆರಳೆಣಿಕೆಯ ಮಟ್ಟಕ್ಕೆ ಇಳಿದ ದ್ವೀಪದಲ್ಲಿ ಸಣ್ಣ ಕುಲಗಳಿಗೆ ಈ ಅಪಾಯ ಹೆಚ್ಚು.

ಕೈಬೆರಳು ಎಂದದ್ದು ಅತಿಶಯೋಕ್ತಿಯೇ, ಆದರೆ ದೂರದ್ದಲ್ಲ. 1878ರಿಂದ ಹತ್ತು ವರ್ಷ ಈ ಕುಲಗಳ ನಡುವೆ ಭೀಕರ ಕಾದಾಟ ನಡೆಯಿತು. ಯುರೋಪಿನ ವ್ಯಾಪಾರಿಗಳು ತಂದ ಬಂದೂಕು ಮತ್ತು ಮದ್ಯ ಬೆಂಕಿಗೆ ಎಣ್ಣೆ ಹೊಯ್ದವು. ಸುಮಾರು 1,400 ಇದ್ದ ಜನ 900ಕ್ಕೆ ಇಳಿದರು. 1888ರಲ್ಲಿ ಜರ್ಮನರು ದ್ವೀಪವನ್ನು ವಶಪಡಿಸಿಕೊಂಡಾಗ ಏಳುನೂರಕ್ಕೂ ಹೆಚ್ಚು ಬಂದೂಕುಗಳನ್ನು ಕಿತ್ತುಕೊಂಡರು, ಹೆಚ್ಚುಕಡಿಮೆ ತಲೆಗೊಂದು. 1920ರಲ್ಲಿ ಇನ್‌ಫ್ಲುಯೆಂಜಾ ಬಂದು ಮತ್ತೆ ಜನರನ್ನು ಬಲಿ ಪಡೆಯಿತು. ಜನಾಂಗ ಉಳಿಯಬೇಕಾದರೆ ಕನಿಷ್ಠ 1,500 ಜನ ಇರಬೇಕು ಎಂದು ಆಗ ಲೆಕ್ಕ ಹಾಕಿದರು. 1932ರಲ್ಲಿ ಆ ಸಂಖ್ಯೆ ಮುಟ್ಟಿದ ದಿನವೇ, ಅಕ್ಟೋಬರ್ 26, ಇಂದಿಗೂ ಅಂಗಮ್ ದಿನವೆಂದು ಹಬ್ಬವಾಗಿ ನಡೆಯುತ್ತದೆ. ಯುದ್ಧದಲ್ಲಿ ಮತ್ತೆ ಕುಸಿದು, 1949ರಲ್ಲಿ ಎರಡನೆಯ ಸಲ ಆ ಸಂಖ್ಯೆ ಮುಟ್ಟಿದರು. ತಲೆ ಎಣಿಸುವುದನ್ನೇ ರಾಷ್ಟ್ರೀಯ ಹಬ್ಬ ಮಾಡಿಕೊಂಡ ಜನ ಮೊನೆಗಳನ್ನು ಕಳೆಯಲು ಒಪ್ಪುತ್ತಾರೆಯೇ?

ಮೊನೆಗಳ ಅಳತೆಯನ್ನೂ ಗಮನಿಸಿ. ಹನ್ನೆರಡೂ ಸಮ. ಮಾರ್ಷಲ್ ದ್ವೀಪಗಳ ನಕ್ಷತ್ರಕ್ಕೆ 24 ಮೊನೆಗಳಿವೆ, ಅವು 24 ಪುರಸಭಾ ಪ್ರದೇಶಗಳು. ಅವುಗಳಲ್ಲಿ ನಾಲ್ಕು ಉದ್ದ: ಮಜುರೊ, ಎಬೆಯೆ, ಜಲುಯಿಟ್, ವೊಟ್ಜೆ ಎಂಬ ಮುಖ್ಯ ಕೇಂದ್ರಗಳಿಗೆ. ನೌರುವಿನಲ್ಲಿ ದೊಡ್ಡ ಕುಲ, ಸಣ್ಣ ಕುಲ, ಅಳಿದ ಕುಲ ಎಲ್ಲಕ್ಕೂ ಒಂದೇ ಉದ್ದ. ಅಷ್ಟೇ ಅಲ್ಲ, ನೌರುವಿನ ಆಡಳಿತ ಜಿಲ್ಲೆಗಳು 14, ಮತಕ್ಷೇತ್ರಗಳು 8. ಬಾವುಟದಲ್ಲಿ ಆ ಎರಡೂ ಸಂಖ್ಯೆಗಳಿಗೆ ಜಾಗವಿಲ್ಲ. ಸರ್ಕಾರಗಳು ಮನಸ್ಸು ಬಂದಾಗ ಬದಲಿಸಬಹುದಾದ ವಿಭಾಗಗಳನ್ನು ಬಿಟ್ಟು, ಯಾವ ಕಾಯ್ದೆಯೂ ಬದಲಿಸಲಾಗದ ತಾಯಿಯ ಕಡೆಯ ನಂಟನ್ನು ಎಣಿಸಿಕೊಂಡದ್ದು ಜಾಣತನ ಎನಿಸುತ್ತದೆ ನನಗೆ.

ಏಕೆಂದರೆ ಆಡಳಿತದ ಸಂಖ್ಯೆಯನ್ನು ಬಾವುಟಕ್ಕೆ ಕಟ್ಟಿಹಾಕಿದ ದೇಶಗಳು ಪೇಚಿಗೆ ಸಿಲುಕಿದ ಕಥೆಗಳು ಬೇಕಾದಷ್ಟಿವೆ. ಸಾಲೊಮನ್ ದ್ವೀಪಗಳ ಬಾವುಟದ ಐದು ನಕ್ಷತ್ರಗಳು ಮೊದಲು ಐದು ಆಡಳಿತ ವಿಭಾಗಗಳಾಗಿದ್ದವು. ವಿಭಾಗಗಳು ಹೆಚ್ಚಾದ ಮೇಲೆ, ಅವು ಐದು ಮುಖ್ಯ ದ್ವೀಪ ಸಮೂಹಗಳು ಎಂದು ಅರ್ಥ ಬದಲಿಸಿದರು. ಮಲೇಷ್ಯಾದ ಬಾವುಟದ ನಕ್ಷತ್ರಕ್ಕೆ 14 ಮೊನೆ, 14 ಪಟ್ಟಿ. 1965ರಲ್ಲಿ ಸಿಂಗಪುರ ಹೊರಹೋಗಿ ರಾಜ್ಯಗಳು 13 ಆದವು. ಬಾವುಟವನ್ನು ಮುಟ್ಟದೆ, ಹದಿನಾಲ್ಕನೆಯದು ಒಕ್ಕೂಟ ಸರ್ಕಾರದ್ದು ಎಂದುಬಿಟ್ಟರು. ತುವಾಲುವಿನದು ಇನ್ನೂ ಫಜೀತಿ. ದೇಶದ ಹೆಸರಿನಲ್ಲಿರುವುದು ಎಂಟು ದ್ವೀಪಗಳು ಒಟ್ಟಾಗಿ ನಿಂತ ಅರ್ಥ, ದ್ವೀಪಗಳಿರುವುದು ಒಂಬತ್ತು. ಒಂಬತ್ತನೆಯದಾದ ನಿಯುಲಕಿತಾದಲ್ಲಿ ಹಿಂದೆ ಕಾಯಂ ವಸತಿ ಇರಲಿಲ್ಲ. 1996ರಲ್ಲಿ ಅಲ್ಲಿನ ಸರ್ಕಾರ ಯೂನಿಯನ್ ಜ್ಯಾಕನ್ನೂ ಒಂದು ನಕ್ಷತ್ರವನ್ನೂ ತೆಗೆದ ಹೊಸ ಬಾವುಟ ತಂದಿತು. ಜನರಿಗೆ ಅದು ಹಿಡಿಸಲಿಲ್ಲ. ಸರ್ಕಾರ ಬಿದ್ದು, 1997ರಲ್ಲಿ ಹಳೆಯ ಬಾವುಟವೇ ಒಂಬತ್ತು ನಕ್ಷತ್ರಗಳೊಂದಿಗೆ ಮರಳಿ ಏರಿತು. ಬಾವುಟವನ್ನು ಜನಗಣತಿಯ ಪಟ್ಟಿಯಂತೆ ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸುವುದು ಯಾರಿಗೂ ಹಿತವಲ್ಲ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ಹನ್ನೆರಡು ಎನ್ನುವುದು ಇಂದು ಎಷ್ಟು ಕುಲಗಳು ಉಳಿದಿವೆ ಎಂಬ ಲೆಕ್ಕವಲ್ಲ, ಈ ಜನಾಂಗ ಎಷ್ಟು ಕುಲಗಳಿಂದ ಕೂಡಿಬಂತು ಎಂಬ ಲೆಕ್ಕ.

ಬಿಳಿ ಬಣ್ಣಕ್ಕೆ ಬರೋಣ. ಬಿಳಿ ಎಂದರೆ ಫಾಸ್ಫೇಟ್ ಎಂದು ಹಲವು ಕೈಪಿಡಿಗಳಲ್ಲಿ ಇರುವುದು ನಿಜ. ನಾನು ಇದನ್ನು ಅನುಮಾನದಿಂದಲೇ ನೋಡುತ್ತೇನೆ. ಒಂದು, ನೌರುವಿನ ಫಾಸ್ಫೇಟ್ ಅದಿರು ಹಾಲುಬಿಳುಪಲ್ಲ, ತಿಳಿ ಕಂದು ಮಣ್ಣಿನ ಬಣ್ಣ. ಎರಡು, ಗಾಢ ನೀಲಿಯ ಮೇಲೆ ದೂರಕ್ಕೆ ಕಾಣಬೇಕಾದ ನಕ್ಷತ್ರಕ್ಕೆ, ಹಳದಿಯನ್ನು ಗೆರೆಗೆ ಬಳಸಿಯಾದ ಮೇಲೆ, ಉಳಿಯುವ ಬಣ್ಣ ಬಿಳಿಯೊಂದೇ. ಬಾವುಟ ಮೊದಲು ರೂಪುಗೊಂಡು ಬಣ್ಣಗಳಿಗೆ ಅರ್ಥ ಆಮೇಲೆ ಅಂಟಿಕೊಳ್ಳುವುದು ಈ ಕ್ಷೇತ್ರದಲ್ಲಿ ದಿನನಿತ್ಯದ ಸಂಗತಿ. ಫಾಸ್ಫೇಟನ್ನು ಹೇಳಲೇಬೇಕೆಂದಾಗ ನೌರು ಅದನ್ನು ನೇರವಾಗಿಯೇ ಹೇಳಿದೆ, ಆದರೆ ಬಾವುಟದಲ್ಲಲ್ಲ, ಲಾಂಛನದಲ್ಲಿ. ಲಾಂಛನದ ಗುರಾಣಿಯ ಮೇಲ್ಭಾಗದಲ್ಲಿ ಹೆಣೆದ ಚಾಪೆಯಂಥ ಹಿನ್ನೆಲೆಯ ಮೇಲೆ ರಂಜಕಕ್ಕೆ ಹಿಂದಿನ ರಸವಾದಿಗಳು ಬಳಸುತ್ತಿದ್ದ ಗುರುತಿದೆ. ಕೆಳಗೆ ಒಂದು ಪಕ್ಕದಲ್ಲಿ ಅಲೆಗಳ ಮೇಲಿನ ಕಂಬದಲ್ಲಿ ಕುಳಿತ ಫ್ರಿಗೇಟ್ ಹಕ್ಕಿ. ಇದನ್ನು ಹಿಡಿದು ಪಳಗಿಸುವುದು ಅಲ್ಲಿನ ಹಳೆಯ ಆಟ. ಇನ್ನೊಂದು ಪಕ್ಕದಲ್ಲಿ ಹೂಬಿಟ್ಟ ಟೊಮಾನೊ ಕೊಂಬೆ. ಗುರಾಣಿಯ ಮೇಲೆ ಬಾವುಟದ ಅದೇ ಹನ್ನೆರಡು ಮೊನೆಯ ನಕ್ಷತ್ರ.

ಟೊಮಾನೊ ಎಂದರೆ ಯಾವ ಮರವೋ ಎಂದು ಮಕ್ಕಳು ಕಣ್ಣರಳಿಸಿದರೆ, ಅದು ನಮ್ಮ ಸುರಹೊನ್ನೆ ಎಂದು ಹೇಳಿ. ಹಿಂದೂ ಮಹಾಸಾಗರದಿಂದ ಪೆಸಿಫಿಕ್‌ವರೆಗೆ ಉಪ್ಪುಗಾಳಿ ಬೀಸುವ ಕಡೆಯೆಲ್ಲ ಬೆಳೆಯುವ ಮರ ಅದು. ನಮ್ಮ ಕರಾವಳಿಯಲ್ಲೂ ಕಾಣಸಿಗುವ, ಬಿಳಿ ದಳದ, ಘಮಘಮಿಸುವ ಅದೇ ಹೂವು ನೌರುವಿನ ಲಾಂಛನದಲ್ಲಿದೆ.

ಫಾಸ್ಫೇಟನ್ನು ಬಾವುಟದಲ್ಲಿ ಎದ್ದು ಕಾಣುವಂತೆ ಇಡದಿದ್ದದ್ದು ಒಳ್ಳೆಯದೇ ಆಯಿತು. 1970ರಲ್ಲಿ ಗಣಿ ನೌರುವಿನ ಕೈಗೆ ಬಂತು, ಕೆಲವು ಕಾಲ ತಲಾ ಆದಾಯದಲ್ಲಿ ಜಗತ್ತಿನ ಸಿರಿವಂತರ ಸಾಲಿನಲ್ಲಿ ನಿಂತರು, ಮೆಲ್ಬರ್ನಿನಲ್ಲಿ 52 ಅಂತಸ್ತಿನ ನೌರು ಹೌಸ್ ಎದ್ದಿತು. ಅದಿರು ಖಾಲಿಯಾಗುತ್ತ ಬಂದ ಹಾಗೆ ಹಣವೂ ಕರಗಿತು, ಕಟ್ಟಡ ಪರರ ಪಾಲಾಯಿತು. ದ್ವೀಪದ ಸುಮಾರು ಶೇ. 80 ಭಾಗ ಇಂದು ಅಗೆದು ಬಿಟ್ಟ ಸುಣ್ಣಕಲ್ಲಿನ ಮೊನಚು ಕಂಬಗಳ ಬಯಲು. ಸ್ವಾತಂತ್ರ್ಯಕ್ಕೆ ಮುಂಚಿನ ಅಗೆತದಿಂದಾದ ಹಾನಿಗಾಗಿ ನೌರು 1989ರಲ್ಲಿ ಆಸ್ಟ್ರೇಲಿಯಾದ ಮೇಲೆ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿತು. 1993ರಲ್ಲಿ ಆಸ್ಟ್ರೇಲಿಯಾ 10.7 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಸಂಪತ್ತನ್ನು ಬಾವುಟಕ್ಕೆ ಹೊಲಿದಿದ್ದರೆ ಇಂದು ಅದನ್ನು ನೋಡುವಾಗಲೆಲ್ಲ ಕಸಿವಿಸಿಯಾಗುತ್ತಿತ್ತು. ಅಕ್ಷಾಂಶಕ್ಕೆ ಆ ತೊಂದರೆ ಇಲ್ಲ.

ರಸಪ್ರಶ್ನೆಗೆ ಉಪಯೋಗವಾಗುವ ಇನ್ನೊಂದು ವಿಷಯ. ಬಾವುಟ 1968ರಲ್ಲೇ ಬಂದರೂ ನೌರು ವಿಶ್ವಸಂಸ್ಥೆಯ ಸದಸ್ಯನಾದದ್ದು 1999ರಲ್ಲಿ. ಒಲಿಂಪಿಕ್ ಸಮಿತಿಗೆ ಸೇರಿದ್ದು 1994ರಲ್ಲಿ. ಅದಕ್ಕೇ ನೌರುವಿನ ಭಾರ ಎತ್ತುವ ಪಟು ಮಾರ್ಕಸ್ ಸ್ಟೀಫನ್ 1990ರ ಆಕ್ಲೆಂಡ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ತನ್ನ ದೇಶಕ್ಕಾಗಿ ಚಿನ್ನ ಗೆದ್ದಿದ್ದರೂ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಸಮೋವಾದ ಬಾವುಟದಡಿ ಸ್ಪರ್ಧಿಸಬೇಕಾಯಿತು. ಮುಂದೆ 2007ರಲ್ಲಿ ಅವರು ದೇಶದ ಅಧ್ಯಕ್ಷರೇ ಆದರು.

ಕೊನೆಗೆ ನಿಮ್ಮ ಹುಡುಗ. ಅವನ ವಾದದಲ್ಲಿ ಅರ್ಧ ಸರಿಯಿದೆ, ಆ ಅರ್ಧವನ್ನು ಮೊದಲು ಒಪ್ಪಿಕೊಳ್ಳಿ. ಕಂಬದ ಆಚೆಗೆ ಹೋಗಿ ನೋಡಿದರೆ, ಅಥವಾ ಗಾಳಿ ದಿಕ್ಕು ಬದಲಿಸಿದರೆ, ಕಂಬ ಬಲಕ್ಕೆ ಬರುತ್ತದೆ, ನಕ್ಷತ್ರವೂ ಅದರ ಜೊತೆ ಬಲಕ್ಕೆ ಬರುತ್ತದೆ. ಆಗ ನಕಾಶೆಯ ಪೂರ್ವ ಪಶ್ಚಿಮ ಅದಲುಬದಲಾಗುತ್ತದೆ. ಆದರೆ ಗಾಳಿ ಎಷ್ಟೇ ತಿರುಗಿದರೂ ನಕ್ಷತ್ರ ಗೆರೆಯ ಮೇಲಕ್ಕೆ ಹೋಗುವುದಿಲ್ಲ. ಮೇಲಕ್ಕೆ ಹೋಗಬೇಕಾದರೆ ಬಾವುಟವನ್ನು ತಲೆಕೆಳಗಾಗಿಯೇ ಕಟ್ಟಿರಬೇಕು, ಆಗ ನೌರು ಉತ್ತರ ಗೋಳಾರ್ಧಕ್ಕೆ ಹೋಗಿಬಿಡುತ್ತದೆ. ಒಂದು ಕಾಗದದಲ್ಲಿ ಬಾವುಟ ಬರೆಸಿ, ಬೆಳಕಿಗೆ ಹಿಡಿದು ಹಿಂದಿನಿಂದ ನೋಡಲು ಹೇಳಿ, ಅವನಿಗೇ ತಿಳಿಯುತ್ತದೆ. ಪರೀಕ್ಷೆಯಲ್ಲಿ ಬರೆಯುವಾಗ ಮಾತ್ರ ಕಂಬ ಎಡಗಡೆ ಇರುವ ಮುಂಬದಿಯನ್ನೇ ಬರೆಯುವುದು ರೂಢಿ ಎಂದು ತಿಳಿಸಿ. ನಕ್ಷತ್ರಕ್ಕೆ ಕೈವಾರದಿಂದ ಒಂದೇ ಕೇಂದ್ರದ ಎರಡು ವೃತ್ತ ಎಳೆಯಲಿ, ಹೊರಗಿನದರ ಮೇಲೆ 30 ಡಿಗ್ರಿಗೊಂದರಂತೆ ಹನ್ನೆರಡು ಚುಕ್ಕೆ ಇಡಲಿ, ಒಳಗಿನದರ ಮೇಲೆ ಅವುಗಳ ನಡುನಡುವೆ ಇನ್ನು ಹನ್ನೆರಡು. ಹೊರಗೊಂದು ಒಳಗೊಂದರಂತೆ ಸೇರಿಸುತ್ತ ಹೋದರೆ ಮೊನೆಗಳೆಲ್ಲ ಸಮವಾಗಿ ಬರುತ್ತವೆ.